ಕಾಗಿಣಾದಲ್ಲಿ ತತ್ತಿ ಎಣಿಕೆ: ಬಲೆ, ಕಲ್ಲಿನ ಚೀಲ, ಲೆಕ್ಕದ ವಹಿ

ಕಲಬುರಗಿ ಸೀಮೆಯ ಕಾಗಿಣಾ, ಮುಲ್ಲಾಮಾರಿ, ಬೆಣ್ಣೆತೊರಾ ಮೂರೂ ಮಳೆ ನಂಬಿದ ಹೊಳೆಗಳು. ಬೇಸಿಗೆಯಲ್ಲಿ ಮಡುವಿನಲ್ಲಷ್ಟೇ ನೀರು ಉಳಿಯುತ್ತದೆ. ಮುಂಗಾರಿನ ಹೊಸ ನೀರು ಬಂದೊಡನೆ ಭೀಮೆಯಿಂದಲೂ ಮಡುಗಳಿಂದಲೂ ಮೀನು ಪ್ರವಾಹಕ್ಕೆ ಎದುರಾಗಿ ಏರುತ್ತವೆ, ದಂಡೆ ಮುಳುಗಿದ ತೆಳುನೀರಿನಲ್ಲಿ ತತ್ತಿ ಬಿಡುತ್ತವೆ. ಏರುವ ಮೀನು ಕಡಿಮೆಯಾಗಿವೆ ಎಂದು ದಂಡೆಯ ಊರುಗಳಲ್ಲಿ ಎಲ್ಲರೂ ಹೇಳುತ್ತಾರೆ. ಆ ಮಾತನ್ನು ಈ ವರ್ಷಕ್ಕೂ ಮುಂದಿನ ವರ್ಷಕ್ಕೂ ಹೋಲಿಸಬಹುದಾದ ಅಂಕಿಯಾಗಿ ಮಾಡುವ ಕೆಲಸದ ದಾಖಲೆ ಇದು. ಕಾಗಿಣಾದ ಒಂದು ಭಾಗದಲ್ಲಿ ಕೆಲಸ ಮಾಡಿದ ಕ್ರಮದಲ್ಲೇ ಬರೆದಿದೆ. ಮುಲ್ಲಾಮಾರಿಗೂ ಬೀದರ್ ಕಡೆಯ ಕಾರಂಜಾಕ್ಕೂ ಇದೇ ವಿಧಾನ ನಡೆಯುತ್ತದೆ, ಅಳತೆಗಳು ಮಾತ್ರ ಬದಲಾಗುತ್ತವೆ.

ಹಂತ 1. ಏನನ್ನು ಎಣಿಸುವುದು (ಏಪ್ರಿಲ್)

ಮೀನಿನ ಸಂತಾನ ಸಮೀಕ್ಷೆ ಎಂದರೆ ಹೆಚ್ಚಿನವರಿಗೆ ನೆನಪಾಗುವುದು ಅಮೆರಿಕದ ಪಶ್ಚಿಮ ಕರಾವಳಿಯ ಸಾಲ್ಮನ್ ಎಣಿಕೆ. ಅಲ್ಲಿ ಹೆಣ್ಣು ಮೀನು ಜಲ್ಲಿಕಲ್ಲಿನಲ್ಲಿ ಗುಂಡಿ ತೋಡಿ ತತ್ತಿ ಹೂಳುತ್ತದೆ. ತಿಳಿನೀರಿನ ತೊರೆಯಲ್ಲಿ ಆ ಗುಂಡಿ ಮೇಲಿನಿಂದಲೇ ಕಾಣುತ್ತದೆ. ಎಣಿಸುವವರು 7ರಿಂದ 10 ದಿನಕ್ಕೊಮ್ಮೆ ಅದೇ ದಾರಿ ನಡೆದು ಗುಂಡಿ ಲೆಕ್ಕ ಹಾಕುತ್ತಾರೆ, ಎಣಿಸಿದ್ದಕ್ಕೆ ಬಣ್ಣದ ಪಟ್ಟಿ ಕಟ್ಟುತ್ತಾರೆ.

ಕಾಗಿಣಾದಲ್ಲಿ ಇದು ಸಾಧ್ಯವಿಲ್ಲ. ಎರೆಹೊಲದ ಮಣ್ಣು ಕರಗಿ ಬಂದ ನೀರಿನಲ್ಲಿ ಸೆಕ್ಕಿ ತಟ್ಟೆ (ನೀರು ಎಷ್ಟು ತಿಳಿ ಎಂದು ನೋಡಲು ಇಳಿಸುವ ತಟ್ಟೆ) ನಾಲ್ಕೈದು ಸೆಂ.ಮೀ. ಇಳಿದರೆ ಕಾಣೆಯಾಗುತ್ತದೆ. ಇಲ್ಲಿನ ಗೆಂಡೆ ಜಾತಿಯ ಮೀನು ಗುಂಡಿ ತೋಡುವುದೂ ಇಲ್ಲ. ಲೇಬಿಯೊ ಗುಂಪಿನ ಫಿಂಬ್ರಿಯೇಟಸ್, ಕಾಲಬಾಸು ಮುಂತಾದವು ಅಂಟಿಲ್ಲದ ತತ್ತಿಯನ್ನು ಹರಿವ ನೀರಿಗೇ ಬಿಡುತ್ತವೆ. ತತ್ತಿ ನೀರು ಹೀರಿ 4–5 ಮಿ.ಮೀ.ಗೆ ಉಬ್ಬಿ ಪ್ರವಾಹದೊಂದಿಗೆ ಸಾಗುತ್ತದೆ, 27–28 ಡಿಗ್ರಿ ನೀರಿನಲ್ಲಿ 14ರಿಂದ 18 ಗಂಟೆಗೆ ಒಡೆದು ಮರಿಯಾಗುತ್ತದೆ. ಹಾಗಾಗಿ ಎಣಿಸಬೇಕಾದದ್ದು ತೇಲಿ ಬರುವ ತತ್ತಿಯನ್ನು ಮತ್ತು ಆಗತಾನೆ ಒಡೆದ ಮರಿಯನ್ನು.

ಸಾಲ್ಮನ್ ಕೆಲಸದಿಂದ ತೆಗೆದುಕೊಳ್ಳಬೇಕಾದದ್ದು ಅದರ ಶಿಸ್ತು: ಅದೇ ಜಾಗ, ಅದೇ ಅಂತರ, ಅದೇ ಪ್ರಮಾಣದ ದುಡಿಮೆ, ಏನೂ ಸಿಗದ ದಿನಕ್ಕೂ ಒಂದು ಸಾಲು.

ಎರಡು ಗುಂಪಿಗೆ ತೇಲುವ ತತ್ತಿ ಹಿಡಿಯುವ ಬಲೆ (4ನೆಯ ಹಂತ) ಉಪಯೋಗವಿಲ್ಲ. ಸರಾಣಾ ಗೆಂಡೆಯ ತತ್ತಿ ಜೊಂಡು, ಹುಲ್ಲಿಗೆ ಅಂಟಿಕೊಳ್ಳುತ್ತದೆ; ಅದಕ್ಕೆ 9ನೆಯ ಹಂತದ ಚಾಪೆ ಬೇಕು. ಹಾವುಮೀನು ಆಂಗ್ವಿಲ್ಲಾ ಬೆಂಗಾಲೆನ್ಸಿಸ್ ಕೂಡ ವಲಸೆ ಮೀನೇ, ಆದರೆ ಅದು ತತ್ತಿಯಿಡಲು ಸಮುದ್ರಕ್ಕೆ ಇಳಿಯುತ್ತದೆ. ಅದನ್ನು ಪಟ್ಟಿಯಿಂದ ಮೊದಲೇ ತೆಗೆದೆವು.

ಹಂತ 2. ಜಾಗ ಆರಿಸುವುದು (ಮೇ ಮೊದಲ ವಾರ)

ಮೀನು ಹಿಡಿಯುವವರು ತೋರಿಸಿದ ಒಳ್ಳೆಯ ಜಾಗಗಳಲ್ಲೇ ಬಲೆ ಹಾಕಿದರೆ ಅಂಕಿ ಯಾವಾಗಲೂ ದೊಡ್ಡದಾಗಿ ಬರುತ್ತದೆ. ಹೊಳೆಯ ಉಳಿದ ಭಾಗದಲ್ಲಿ ಮೀನು ಇಲ್ಲವಾದರೂ ಅಲ್ಲಿ ಮಾತ್ರ ಕೊನೆಯವರೆಗೆ ಇರುತ್ತವೆ, ಕುಸಿತ ಕಾಣುವುದೇ ಇಲ್ಲ. ಆದ್ದರಿಂದ ಮಳಖೇಡದ ಆಸುಪಾಸಿನ 12 ಕಿ.ಮೀ. ಹೊಳೆಯನ್ನು ನಕ್ಷೆಯಲ್ಲಿ ಒಂದೊಂದು ಕಿ.ಮೀ. ತುಂಡು ಮಾಡಿ 1ರಿಂದ 12 ಸಂಖ್ಯೆ ಕೊಟ್ಟೆವು. 1ರಿಂದ 4ರೊಳಗೆ ಚೀಟಿ ಎತ್ತಿ, ಬಂದ ಸಂಖ್ಯೆಯಿಂದ ಪ್ರತಿ ನಾಲ್ಕನೆಯ ತುಂಡು. ಇದರಿಂದ ಮೂರು ಜಾಗ. ನಾಲ್ಕನೆಯದು ಚೀಟಿಯಿಲ್ಲದೆ ಬಾಂದಾರದ (ಹೊಳೆಗೆ ಅಡ್ಡ ಕಟ್ಟಿದ, ಹಲಗೆ ಹಾಕಿ ನೀರು ನಿಲ್ಲಿಸುವ ಒಡ್ಡು) ಕೆಳಗೆ ಕಾಯಂ. ಅದರ ಅಂಕಿಯನ್ನು ಉಳಿದ ಮೂರರ ಸರಾಸರಿಗೆ ಸೇರಿಸಬಾರದು, ಬೇರೆ ಪುಟ.

ಚೀಟಿಯಲ್ಲಿ ಬಂದ ತುಂಡಿಗೆ ಮಳೆಗಾಲದಲ್ಲಿ ಹೋಗಲು ದಾರಿಯಿದೆಯೇ ಎಂದು ಮೇ ತಿಂಗಳಲ್ಲಿ ನೋಡಿದರೆ ತಿಳಿಯುವುದಿಲ್ಲ. ಬಿಸಿಲಿಗೆ ಗಟ್ಟಿಯಾಗಿ ಬಿರುಕು ಬಿಟ್ಟ ಎರೆ ದಾರಿಯಲ್ಲಿ ಬೈಕು ಸಲೀಸಾಗಿ ಓಡುತ್ತದೆ. ಒಂದು ಹದಮಳೆಯಾದ ಮೇಲೆ ಅದೇ ಮಣ್ಣು ಚಕ್ರಕ್ಕೂ ಮಡ್‌ಗಾರ್ಡಿಗೂ ನಡುವೆ ತುಂಬಿ ಗಾಡಿ ನಿಲ್ಲುತ್ತದೆ. ತುಂಡಿನೊಳಗೆ ಡಾಂಬರು ರಸ್ತೆಗೆ ಅತಿ ಹತ್ತಿರದ ದಂಡೆಯನ್ನೇ ಆರಿಸಿ, ಕೊನೆಯ ದೂರವನ್ನು ನಡೆದು ಹೋಗುವ ಲೆಕ್ಕದಲ್ಲಿ ಸಾಮಾನಿನ ತೂಕ ಇಟ್ಟುಕೊಳ್ಳಬೇಕು.

ಮೇನಲ್ಲೇ ಮುಗಿಸಬೇಕಾದ ಇನ್ನೊಂದು ಕೆಲಸ ಹೊಳೆಯ ಅಡ್ಡಕೊಯ್ತದ ಅಳತೆ. ಪಾತ್ರ ಒಣಗಿದ್ದಾಗ ದಂಡೆಯಿಂದ ದಂಡೆಗೆ ಹಗ್ಗ ಎಳೆದು, ಗೌಂಡಿಗಳು ಬಳಸುವ ನೀರಿನ ಲೆವೆಲ್ ಪೈಪು ಹಿಡಿದು ಪ್ರತಿ 2 ಮೀಟರಿಗೆ ಆಳ ಬರೆದುಕೊಂಡೆವು. ಸೇತುವೆಯ ಕಂಬದ ಮೇಲೆ 10 ಸೆಂ.ಮೀ.ಗೆ ಒಂದರಂತೆ ಎನಾಮಲ್ ಬಣ್ಣದ ಗೆರೆ. ಮಳೆಗಾಲದಲ್ಲಿ ಗೆರೆ ನೋಡಿದರೆ ಸಾಕು, ನೀರು ಹರಿಯುವ ಅಡ್ಡಕೊಯ್ತ ಎಷ್ಟು ಚದರ ಮೀಟರ್ ಎಂದು ಮೊದಲೇ ಬರೆದಿಟ್ಟ ಪಟ್ಟಿಯಲ್ಲಿ ಸಿಗುತ್ತದೆ. ಬಣ್ಣವನ್ನು ಪ್ರವಾಹ ಬಡಿಯುವ ಮುಖಕ್ಕೆ ಹಚ್ಚಬಾರದು, ಕಸಕಡ್ಡಿ ಉಜ್ಜಿ ಹೋಗುತ್ತದೆ. ಕೆಳಮುಖಕ್ಕೆ ಹಚ್ಚಬೇಕು. ಉಸುಕು ತೆಗೆದ ಜಾಗದಲ್ಲಿ ಪಾತ್ರದ ಆಕಾರ ಒಂದೇ ಮಳೆಗಾಲದಲ್ಲಿ ಬದಲಾಗುವುದರಿಂದ ಅಕ್ಟೋಬರ್ ನಂತರ ನೀರು ಇಳಿದಾಗ ಮತ್ತೊಮ್ಮೆ ಅಳೆಯುವುದು ಅಗತ್ಯ.

ಹಂತ 3. ಅನುಮತಿ

ಸಂತಾನ ಕಾಲದಲ್ಲಿ ಸಣ್ಣ ಕಣ್ಣಿನ ಬಲೆ ಹೊಳೆಗೆ ಇಳಿಸುವುದು ಯಾರ ಕಣ್ಣಿಗೂ ಮರಿಗಳ್ಳತನವೇ. ಮೀನುಗಾರಿಕೆ ಇಲಾಖೆಯ ಲಿಖಿತ ಅನುಮತಿ, ಜಾಗದ ಹೆಸರು ಮತ್ತು ತಿಂಗಳುಗಳ ಸಮೇತ, ಪ್ರತಿ ತಂಡದ ಕೈಯಲ್ಲಿ ಪ್ಲಾಸ್ಟಿಕ್ ಕವರಿನಲ್ಲಿರಬೇಕು. ಚಿಂಚೋಳಿ ವನ್ಯಜೀವಿಧಾಮದೊಳಗಿನ ಹಳ್ಳಗಳಿಗೆ ಅರಣ್ಯ ಇಲಾಖೆಯ ಅನುಮತಿ ಬೇರೆ ಬೇಕು. ಅರ್ಜಿಯನ್ನು ಬೇಸಿಗೆಯ ಮೊದಲೇ ಕೊಡಬೇಕು. ಸ್ಥಳೀಯ ಮೀನುಗಾರರ ಸಹಕಾರ ಸಂಘಕ್ಕೂ ಪಂಚಾಯಿತಿಗೂ ಬಾಯಿಮಾತಿನಲ್ಲಿ ಮೊದಲೇ ತಿಳಿಸದಿದ್ದರೆ ಕಾಗದ ಕೆಲಸಕ್ಕೆ ಬರುವುದಿಲ್ಲ.

ಹಂತ 4. ಬಲೆ ಕಟ್ಟುವುದು (ಮೇ ಕೊನೆ)

ತೇಲುವ ತತ್ತಿ ಹಿಡಿಯುವ ಬಲೆ ಹೊಸದಲ್ಲ. 1957ರ ಜುಲೈ 10ರಂದು ಒಡಿಶಾದಲ್ಲಿ ಹೀರಾಲಾಲ್ ಚೌಧರಿಯವರು ಮಿದುಳಿನ ಪಿಟ್ಯೂಟರಿ ಗ್ರಂಥಿಯ ರಸ ಚುಚ್ಚಿ ಗೆಂಡೆ ಮೀನಿನಿಂದ ತತ್ತಿ ಬಿಡಿಸುವವರೆಗೆ ದೇಶದ ಗೆಂಡೆ ಬಿತ್ತನೆ ಮರಿಯ ಹೆಚ್ಚಿನ ಪಾಲು ಹೊಳೆಯಿಂದಲೇ, ಇಂಥ ಆಲಿಕೆಯಾಕಾರದ ಬಲೆಯಿಂದಲೇ ಬರುತ್ತಿತ್ತು. ಬಂಗಾಳದ ಕಡೆ ಬಳಸುತ್ತಿದ್ದ ಬಲೆಯ ಕಣ್ಣು 1/8 ಅಂಗುಲ, ಅಂದರೆ ಸುಮಾರು 3 ಮಿ.ಮೀ. ಬಿತ್ತನೆ ಮಾರುವವರಿಗೆ ಅಷ್ಟು ಸಾಕಿತ್ತು. ಎಣಿಕೆಗೆ ಸಾಲದು.

ಮೊದಲು ಅಂಗಡಿಯಲ್ಲಿ ಸಿಗುವ ಸೊಳ್ಳೆಪರದೆಯ ಬಟ್ಟೆ ಹೊಲಿಸಿ ನೋಡಿದೆವು, ಮೀಟರಿಗೆ ಸುಮಾರು 50 ರೂಪಾಯಿ. ಅದರ ಕಣ್ಣು 1 ಮಿ.ಮೀ.ಗಿಂತ ಸ್ವಲ್ಪ ದೊಡ್ಡದು. ಉಬ್ಬಿದ ತತ್ತಿ ನಿಲ್ಲುತ್ತದೆ. ಹೊಸದಾಗಿ ಒಡೆದ ಮರಿ ಉದ್ದ 4–5 ಮಿ.ಮೀ. ಇದ್ದರೂ ದಪ್ಪ 1 ಮಿ.ಮೀ. ಕೂಡ ಇಲ್ಲ, ನೀರಿನ ಒತ್ತಡಕ್ಕೆ ಕಣ್ಣಿನಿಂದ ನುಸುಳಿ ಹೋಗುತ್ತದೆ. ಪಕ್ಕಪಕ್ಕದಲ್ಲಿ ಎರಡು ಬಟ್ಟೆಯ ಬಲೆ ಕಟ್ಟಿ ನೋಡಿದರೆ ವ್ಯತ್ಯಾಸ ಒಂದೇ ಬೆಳಗ್ಗೆ ಕಾಣುತ್ತದೆ. ಅದಕ್ಕಿಂತ ದೊಡ್ಡ ದೋಷ, ಸೊಳ್ಳೆಪರದೆ ಎಳೆತಕ್ಕೆ ಹಿಗ್ಗುತ್ತದೆ, ಸೆಪ್ಟೆಂಬರಿನ ಬಲೆ ಜೂನಿನ ಬಲೆಯಾಗಿ ಉಳಿದಿರುವುದಿಲ್ಲ. ಹಾಗಾಗಿ 0.5 ಮಿ.ಮೀ. ಕಣ್ಣಿನ ನೈಲಾನ್ ಬೋಲ್ಟಿಂಗ್ ಬಟ್ಟೆಗೆ (ಸೋಸಲು ಬಳಸುವ ಜಾಲರಿ ಬಟ್ಟೆ) ಹೋದೆವು, ಮೀಟರಿಗೆ ಸುಮಾರು 400.

ಸಣ್ಣ ಕಣ್ಣಿಗೆ ಎರೆಮಣ್ಣು ಕಟ್ಟಿಕೊಳ್ಳುತ್ತದೆ. 2 ಮೀಟರ್ ಉದ್ದದ ಚೀಲ ಹತ್ತು ನಿಮಿಷದಲ್ಲೇ ಮುಚ್ಚಿಹೋಗಿ, ನೀರು ಬಾಯಿಯಿಂದ ಹಿಂದಕ್ಕೆ ಉಕ್ಕಿ ಚೌಕಟ್ಟಿನ ಸುತ್ತ ಹರಿಯತೊಡಗಿತು. ಬಾಯಿಗೆ ಬಂದ ತತ್ತಿಯೂ ಪಕ್ಕಕ್ಕೆ ಸರಿದುಹೋಗುತ್ತದೆ, ಅಂಕಿ ಸುಳ್ಳಾಗುತ್ತದೆ. ಇದಕ್ಕೆ ಲೆಕ್ಕ ಹೀಗೆ. ಬಾಯಿ 1 ಮೀ. ಅಗಲ, 0.5 ಮೀ. ಎತ್ತರ, ಅಂದರೆ 0.5 ಚದರ ಮೀಟರ್, ಸುತ್ತಳತೆ 3 ಮೀ. ಆಲಿಕೆಯ ಬಟ್ಟೆಯ ವಿಸ್ತೀರ್ಣ ಸುತ್ತಳತೆ ಮತ್ತು ಉದ್ದದ ಗುಣಲಬ್ಧದ ಅರ್ಧ. ಉದ್ದ 2 ಮೀ. ಆದರೆ 3 ಚದರ ಮೀ., 4 ಮೀ. ಆದರೆ 6 ಚದರ ಮೀ. ಬಟ್ಟೆಯಲ್ಲಿ ತೆರೆದ ಕಣ್ಣಿನ ಪಾಲು ಸುಮಾರು 45%. ಅಂದರೆ 2 ಮೀ. ಚೀಲದಲ್ಲಿ ಸೋಸುವ ಜಾಗ ಬಾಯಿಯ 2.7 ಪಟ್ಟು ಮಾತ್ರ, 4 ಮೀ. ಚೀಲದಲ್ಲಿ 5.4 ಪಟ್ಟು. ಕೆಸರು ನೀರಿಗೆ 5 ಪಟ್ಟಿಗಿಂತ ಕಡಿಮೆ ಇರಬಾರದು. 4 ಮೀಟರಿನ ಚೀಲವೇ ಉಳಿಯಿತು.

ಬಲೆಯ ತುದಿಯಲ್ಲಿ ತತ್ತಿ ಕೂಡುವ ಬಾಲದ ಡಬ್ಬಿಗೆ 110 ಮಿ.ಮೀ. ಪಿವಿಸಿ ಪೈಪಿನ 30 ಸೆಂ.ಮೀ. ತುಂಡು, ಹಿಂದೆ ಮುಚ್ಚಳ. ಕಿಟಕಿಯಿಲ್ಲದ ಡಬ್ಬಿ ಹಾಕಿದಾಗ ಒಳಗೆ ನೀರು ಸುಳಿ ಸುತ್ತಿ ತತ್ತಿಯ ಪೊರೆ ಒಡೆದು ಖಾಲಿ ಸಿಪ್ಪೆ ಮಾತ್ರ ಸಿಕ್ಕಿತು. ಪೈಪಿನ ಎರಡು ಮಗ್ಗುಲಲ್ಲಿ 5×10 ಸೆಂ.ಮೀ. ಕಿಟಕಿ ಕೊಯ್ದು ಅದೇ ಬಟ್ಟೆ ಅಂಟಿಸಬೇಕು. ಕಿಟಕಿ ಮುಚ್ಚಳದಿಂದ 8 ಸೆಂ.ಮೀ. ಮುಂದಿರಲಿ, ಹಿಂದಿನ ಆ 8 ಸೆಂ.ಮೀ. ನಿಂತ ನೀರಿನಲ್ಲಿ ತತ್ತಿ ಉಳಿಯುತ್ತದೆ.

ಒಂದು ಬಲೆಯ ಖರ್ಚು, ಕಲಬುರಗಿ ಅಂಗಡಿ ದರದಲ್ಲಿ ಸುಮಾರಾಗಿ:

12 ಮಿ.ಮೀ. ಸರಳು, 3 ಮೀಟರಿಗಿಂತ ಸ್ವಲ್ಪ ಹೆಚ್ಚು – 250
ವೆಲ್ಡಿಂಗ್ – 300
ಬೋಲ್ಟಿಂಗ್ ಬಟ್ಟೆ 7 ಮೀ. – 2,800
ಬಾಯಿಪಟ್ಟಿಗೆ ಕ್ಯಾನ್ವಾಸ್ – 250
ಪೈಪು, ಮುಚ್ಚಳ, ಕ್ಲಿಪ್ಪು – 200
8 ಮಿ.ಮೀ. ನೈಲಾನ್ ಹಗ್ಗ 40 ಮೀ. – 600
ಹೊಲಿಗೆ – 500

ಒಟ್ಟು 4,900. ಎರಡು ತಂಡಕ್ಕೆ ಎರಡು ಬಲೆ. ಹೊಲಿಗೆಯವರಿಗೆ ಒಂದು ಮಾತು ಹೇಳಿಯೇ ಕೊಡಬೇಕು: ಹೊಲಿಗೆಯ ಅಂಚು ಹೊರಗಡೆ ಬರಲಿ. ಒಳಗೆ ಬಂದರೆ ಆ ಮಡಿಕೆಯಲ್ಲಿ ತತ್ತಿ ಸಿಕ್ಕಿಕೊಂಡು ಮುಂದಿನ ಸರದಿಗೆ (ಬಲೆ ಇಳಿಸಿ ಎತ್ತುವ ಮುಂದಿನ ಸಲಕ್ಕೆ) ಸೇರುತ್ತದೆ.

ಹಂತ 5. ಹೊಳೆಯಲ್ಲಿ ನಿಲ್ಲಿಸುವುದು

ಎಲ್ಲಕ್ಕಿಂತ ಹೆಚ್ಚು ತೊಂದರೆ ಕೊಟ್ಟದ್ದು ಇದೇ. ಬಿದಿರಿನ ಗೂಟ ಎರೆದಂಡೆಯಲ್ಲಿ ಮೊದಲ ಗಂಟೆ ಗಟ್ಟಿಯಾಗಿ ನಿಲ್ಲುತ್ತದೆ, ಮಣ್ಣು ನೆನೆದಂತೆ ಸಡಿಲಾಗಿ ಚೌಕಟ್ಟಿನ ಸಮೇತ ಕಿತ್ತು ಬರುತ್ತದೆ. ಪಾತ್ರದ ನಡುವೆ ಕಬ್ಬಿಣದ ಸರಳು ಹೊಡೆಯೋಣವೆಂದರೆ ಉಸುಕಿನ ಕೆಳಗೆ ಒಂದು ಗೇಣಿಗೆ ಪರಸಿ ಕಲ್ಲು. ಶಹಾಬಾದಿನ ಹಾಸುಗಲ್ಲು ಇದೇ ಪದರ, ಸುತ್ತಿಗೆಗೆ ಸರಳು ಬಾಗುತ್ತದೆಯೇ ಹೊರತು ಇಳಿಯುವುದಿಲ್ಲ.

ನಿಂತದ್ದು ಕಲ್ಲಿನ ಚೀಲ. ಸಿಮೆಂಟಿನ ಖಾಲಿ ಚೀಲವನ್ನು ಎರಡು ಪದರ ಮಾಡಿ ತಲಾ 40 ಕೆ.ಜಿ. ಪರಸಿ ಚೂರು ತುಂಬಿ, ಚೌಕಟ್ಟಿನ ಮುಂದೆ 5 ಮೀ. ದೂರದಲ್ಲಿ ಎರಡು ಕಡೆ ಇಳಿಸಬೇಕು. ಚೀಲವನ್ನು ಅಲ್ಲಿಯೇ ತುಂಬಬೇಕು, ಹೊತ್ತೊಯ್ಯುವುದಲ್ಲ. ಚೌಕಟ್ಟಿನ ನಾಲ್ಕು ಮೂಲೆಯ ಹಗ್ಗ ಒಂದು ಬಳೆಗೆ ಕೂಡಿ, ಬಳೆಯಿಂದ ಎರಡು ಚೀಲಕ್ಕೆ ಹಗ್ಗ. ಇನ್ನೊಂದು ಹಗ್ಗ ದಂಡೆಯ ಜಾಲಿ ಮರಕ್ಕೆ. ಪ್ರವಾಹದಲ್ಲಿ ಬೊಡ್ಡೆ ತೇಲಿ ಬಂದು ಬಡಿದರೆ ಬಲೆ ಉಳಿಯುವುದು ಇದರಿಂದ. ಚೌಕಟ್ಟಿನ ಕೆಳಸರಳು ತಳದಿಂದ 15 ಸೆಂ.ಮೀ. ಮೇಲಿರುವಂತೆ ಎರಡು ಕಾಲು ಬೆಸೆಯಬೇಕು, ಇಲ್ಲವಾದರೆ ಡಬ್ಬಿಯಲ್ಲಿ ಉಸುಕು ಬಿಟ್ಟು ಬೇರೇನೂ ಇರುವುದಿಲ್ಲ.

ಸುರಕ್ಷೆಯ ವಿಷಯದಲ್ಲಿ ರಿಯಾಯಿತಿ ಇಲ್ಲ. ಎಲ್ಲರಿಗೂ ಲೈಫ್ ಜಾಕೆಟ್, ತಲಾ 1,000 ರೂಪಾಯಿ ಆಸುಪಾಸು. ಮೊಣಕಾಲಿಗಿಂತ ಆಳಕ್ಕೆ ಇಳಿಯುವಂತಿಲ್ಲ; ಆಳವಿದ್ದರೆ ಸೇತುವೆಯಿಂದ ಹಗ್ಗದ ಮೇಲೆ ಬಲೆ. ನೀರು ಸೇತುವೆಯ ಹಾಸಿಗೆ 30 ಸೆಂ.ಮೀ. ಹತ್ತಿರ ಬಂದರೆ ಆ ದಿನದ ಕೆಲಸ ರದ್ದು, ವಹಿಯಲ್ಲಿ ‘ಅಪಾಯ, ಆಗಲಿಲ್ಲ’ ಎಂದು ಬರೆಯಬೇಕು, ಸೊನ್ನೆ ಎಂದಲ್ಲ. ಬೆಣ್ಣೆತೊರಾ, ಕೆಳ ಮುಲ್ಲಾಮಾರಿ ಅಣೆಕಟ್ಟಿನ ಗೇಟು ತೆರೆಯುವ ಸುದ್ದಿಯನ್ನು ಹಿಂದಿನ ಸಂಜೆಯೇ ಫೋನಿನಲ್ಲಿ ಕೇಳಿಕೊಳ್ಳಬೇಕು. ಒಬ್ಬರು ದಂಡೆಯ ಮೇಲೆ ನಿಂತು ಮೇಲ್ಭಾಗದ ನೀರನ್ನೇ ನೋಡುತ್ತಿರಬೇಕು, ಅವರಿಗೆ ಬೇರೆ ಕೆಲಸ ಕೊಡಬಾರದು.

ಹಂತ 6. ಎಷ್ಟು ನೀರು ಸೋಸಿತು

ತತ್ತಿಯ ಸಂಖ್ಯೆ ಒಂದೇ ಬರೆದಿಟ್ಟರೆ ಉಪಯೋಗವಿಲ್ಲ. ವೇಗದ ನೀರಿನಲ್ಲಿ ಬಲೆ ಹೆಚ್ಚು ನೀರು ಸೋಸುತ್ತದೆ, ಹೆಚ್ಚು ತತ್ತಿ ಹಿಡಿಯುತ್ತದೆ. ಯಂತ್ರದ ವೇಗಮಾಪಕದ ಬೆಲೆ ಕೈಗೆಟುಕುವುದಿಲ್ಲ. ಅರ್ಧ ನೀರು ತುಂಬಿದ ಸಣ್ಣ ಬಾಟಲಿಯನ್ನು 10 ಮೀ. ದೂರ ತೇಲಿಸಿ ಮೊಬೈಲಿನಲ್ಲಿ ಸಮಯ ಹಿಡಿಯಬೇಕು. ಮೂರು ಸಲ, ಸರಾಸರಿ. ಮೇಲ್ಮೈ ವೇಗವನ್ನು 0.85ರಿಂದ ಗುಣಿಸಬೇಕು. ಖಾಲಿ ಬಾಟಲಿಯನ್ನು ಗಾಳಿ ತಳ್ಳುತ್ತದೆ, ಬಳಸಬಾರದು.

ಉದಾಹರಣೆಗೆ ಮೇಲ್ಮೈ ವೇಗ ಸೆಕೆಂಡಿಗೆ 0.7 ಮೀ. ಎಂದಿಟ್ಟುಕೊಳ್ಳಿ. 0.7ನ್ನು 0.85ರಿಂದ ಗುಣಿಸಿದರೆ 0.595. ಬಾಯಿ 0.5 ಚ.ಮೀ., 15 ನಿಮಿಷ ಅಂದರೆ 900 ಸೆಕೆಂಡು: ಸುಮಾರು 268 ಘನ ಮೀಟರ್. ಡಬ್ಬಿಯಲ್ಲಿ 134 ತತ್ತಿ ಇದ್ದರೆ ಘನ ಮೀಟರಿಗೆ 0.5.

ಇಲ್ಲಿಗೂ ನಿಲ್ಲಿಸಬಾರದು. ಹೊಳೆ ತುಂಬಿದಂತೆ ಅದೇ ತತ್ತಿ ಹೆಚ್ಚು ನೀರಿನಲ್ಲಿ ಚದುರುತ್ತದೆ. ಹೊಳೆಯಲ್ಲಿ ಸೆಕೆಂಡಿಗೆ 20 ಘನ ಮೀ. ಹರಿಯುವಾಗ 0.5 ಎಂದರೆ ಸೆಕೆಂಡಿಗೆ 10 ತತ್ತಿ ದಾಟುತ್ತಿವೆ. 60 ಘನ ಮೀ. ಹರಿಯುವಾಗ 0.25 ಸಿಕ್ಕರೆ 15 ತತ್ತಿ. ಬಲೆಯಲ್ಲಿ ಅರ್ಧವಾದದ್ದು ಹೊಳೆಯಲ್ಲಿ ಒಂದೂವರೆ ಪಟ್ಟು. ಮೇ ತಿಂಗಳಲ್ಲಿ ಅಡ್ಡಕೊಯ್ತ ಅಳೆದಿಟ್ಟದ್ದು ಈ ಲೆಕ್ಕಕ್ಕಾಗಿ: ಅಡ್ಡಕೊಯ್ತವನ್ನು ವೇಗದಿಂದ ಗುಣಿಸಿದರೆ ಹೊಳೆಯ ಹರಿವು ಸಿಗುತ್ತದೆ. ಅದನ್ನು ಬಿಟ್ಟ ಸಮೀಕ್ಷೆ ದೊಡ್ಡ ಮಳೆಯ ವರ್ಷವನ್ನೆಲ್ಲ ಕುಸಿತದ ವರ್ಷ ಎಂದೇ ತೋರಿಸುತ್ತದೆ.

ಬಲೆ ಮುಚ್ಚಿಕೊಂಡಿದೆಯೇ ಎಂದು ತಿಳಿಯಲು ಚೌಕಟ್ಟಿನ ನಡುವೆ ಒಂದು ಗೇಣು ರಿಬ್ಬನ್ ಕಟ್ಟಿ. ಅದು ನೇರ ಒಳಮುಖವಾಗಿ ಚಾಚಿದ್ದರೆ ಸರಿ. ಜೋತುಬಿದ್ದರೆ ಅಥವಾ ಬಾಯಿಯ ಮುಂದೆ ನೀರು ಉಬ್ಬಿ ನಿಂತರೆ ಕೂಡಲೇ ಎತ್ತಿ, ಆದಷ್ಟು ನಿಮಿಷ ಬರೆಯಿರಿ. ಹೊಸ ಪ್ರವಾಹದ ದಿನ 15ರ ಬದಲು 5 ನಿಮಿಷವೇ ಸರಿಯಾದ ಅವಧಿ.

ಹಂತ 7. ದಿನ, ವೇಳೆ

ವಾರಕ್ಕೆ ಎರಡು ದಿನ, ಮಂಗಳವಾರ ಮತ್ತು ಶುಕ್ರವಾರ, ಮಳೆ ಇರಲಿ ಬಿಡಲಿ. ಮಿರಗ (ಮೃಗಶಿರಾ ಮಳೆ) ಕೂಡುವ ಜೂನ್ 7–8ರಿಂದ ಆರಂಭ. ನಿಲ್ಲಿಸುವುದು ಯಾವಾಗ ಎಂಬಲ್ಲಿ ಜಾಗ್ರತೆ ಬೇಕು. ಬೇರೆ ಕಡೆಯ ಕೈಪಿಡಿಗಳು ಆಗಸ್ಟಿಗೆ ಮುಗಿಸುತ್ತವೆ. ಕಲಬುರಗಿ ಸೀಮೆಗೆ ಸೆಪ್ಟೆಂಬರ್ ಮಳೆ ದೊಡ್ಡದು, ಹುಬ್ಬಾ–ಉತ್ತರಿ ಮಳೆಗೆ ಹೊಳೆ ಮತ್ತೆ ಏರುತ್ತದೆ. ಹಸ್ತ ಮುಗಿಯುವವರೆಗೆ, ಅಂದರೆ ಅಕ್ಟೋಬರ್ ಮೊದಲ ವಾರ ದಾಟುವವರೆಗೆ ಬಲೆ ಇಳಿಯಲೇಬೇಕು.

ಇದರ ಮೇಲೆ ಪ್ರವಾಹದ ದಿನ: ಕಂಬದ ಗೆರೆಯಲ್ಲಿ ನೀರು 24 ಗಂಟೆಯಲ್ಲಿ 30 ಸೆಂ.ಮೀ. ಏರಿದರೆ ಮರುದಿನ ಬೆಳಗ್ಗೆ ಹೆಚ್ಚುವರಿ ಸರದಿ. ಕೆಎಸ್‌ಎನ್‌ಡಿಎಂಸಿಯ (ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ) ಪಂಚಾಯಿತಿವಾರು ಮಳೆ ಅಂಕಿ ನೋಡಿಕೊಂಡರೆ ಮುಂಚಿತವಾಗಿ ತಿಳಿಯುತ್ತದೆ. ಈ ಹೆಚ್ಚುವರಿ ದಿನಗಳನ್ನು ವಾರದ ದಿನಗಳ ಜೊತೆ ಕೂಡಿ ಸರಾಸರಿ ತೆಗೆಯಬಾರದು, ಪ್ರವಾಹ ಹೆಚ್ಚಿದ ವರ್ಷದ ಅಂಕಿ ಸುಮ್ಮನೆ ಉಬ್ಬುತ್ತದೆ. ವಹಿಯಲ್ಲಿ ‘ವಾ’ ಮತ್ತು ‘ಪ್ರ’ ಎಂಬ ಗುರುತು ಸಾಕು.

ಭೀಮೆಯಲ್ಲಿ ಇದನ್ನೇ ಮಾಡುವವರು ಇನ್ನೊಂದು ಕಾಲಂ ಹಾಕಬೇಕು: ನೀರು ಏರಿದ್ದು ಊರಿನ ಮಳೆಗೋ, ಮಹಾರಾಷ್ಟ್ರದ ಉಜನಿ ಕಡೆಯಿಂದ ಬಿಟ್ಟದ್ದಕ್ಕೋ. ಸೊನ್ನ, ಸನ್ನತಿ, ಯಾದಗಿರಿ ಹೀಗೆ ಬ್ಯಾರೇಜುಗಳ ಸಾಲೇ ಇರುವ ಭೀಮೆಯಲ್ಲಿ ಗೇಟಿನ ಸ್ಥಿತಿಯೂ ಬರೆಯದಿದ್ದರೆ ಅಂಕಿಗೆ ಅರ್ಥ ಬರುವುದಿಲ್ಲ.

ಗೆಂಡೆಗಳು ಹೆಚ್ಚಾಗಿ ರಾತ್ರಿ ಮತ್ತು ನಸುಕಿನಲ್ಲಿ ತತ್ತಿ ಬಿಡುವುದರಿಂದ ಸರದಿ ನಸುಬೆಳಕಿಗೆ ಆರಂಭ. ಪ್ರತಿ ಜಾಗದಲ್ಲಿ 15 ನಿಮಿಷದ ಮೂರು ಸರದಿ, ನಡುವೆ 10 ನಿಮಿಷ ಬಲೆ ತೊಳೆಯಲು. ಒಂದು ತಂಡ ಒಂದು ಬೆಳಗ್ಗೆ ಎರಡು ಜಾಗ ಮುಗಿಸಬಹುದು. ಯಾವ ಜಾಗ ಮೊದಲು ಎಂಬುದನ್ನು ಪ್ರತಿ ಸಲ ಅದಲುಬದಲು ಮಾಡಬೇಕು, ಇಲ್ಲವಾದರೆ ಎರಡನೆಯ ಜಾಗಕ್ಕೆ ಯಾವಾಗಲೂ ತಡವಾದ ವೇಳೆಯ ಅಂಕಿಯೇ ಬೀಳುತ್ತದೆ.

ಹಂತ 8. ಆರಿಸುವುದು, ಬೆಳೆಸುವುದು

ಡಬ್ಬಿಯ ಮಾಲನ್ನು ಬಿಳಿ ತಟ್ಟೆಗೆ ಸುರಿದು ಸ್ವಲ್ಪ ಸ್ವಲ್ಪವಾಗಿ ನೋಡಬೇಕು. ಒಬ್ಬರು ಆರಿಸಿದ ಮೇಲೆ ಉಳಿದ ಕಸವನ್ನು ಎರಡನೆಯವರು ಮತ್ತೆ ಆರಿಸಬೇಕು. ಮೊದಲನೆಯವರಿಗೆ 45, ಎರಡನೆಯವರಿಗೆ 5 ಸಿಕ್ಕರೆ ಮೊದಲ ಕಣ್ಣಿನ ಹಿಡಿತ ಹೆಚ್ಚೆಂದರೆ 90%. ಇಬ್ಬರಿಗೂ ಕಾಣದ್ದು ಇರುತ್ತದೆ, ಅದಕ್ಕೆ ಸಾಬೂದಾಣಿ ಪರೀಕ್ಷೆ: ಸಣ್ಣ ಸಾಬೂದಾಣಿ ನೆನೆಸಿ ಉಬ್ಬಿಸಿ, ತತ್ತಿಯಿಲ್ಲದ ಕೆಸರು ಕಸದಲ್ಲಿ 50 ಕಾಳು ಬೆರೆಸಿ, ಎಷ್ಟು ಎಂದು ಹೇಳದೆ ಆರಿಸಲು ಕೊಡಬೇಕು. 40ಕ್ಕಿಂತ ಕಡಿಮೆ ಹೆಕ್ಕಿದವರಿಗೆ ಇನ್ನಷ್ಟು ಅಭ್ಯಾಸ ಬೇಕು. ಹೊಳೆಗೆ ಬಿಟ್ಟು ಬಲೆಯನ್ನು ಪರೀಕ್ಷಿಸಲು ಸಾಬೂದಾಣಿ ಆಗುವುದಿಲ್ಲ, ಅದು ತತ್ತಿಗಿಂತ ಭಾರ, ತಳ ಹಿಡಿಯುತ್ತದೆ.

ಮರಿಗಳು ತುಂಬಾ ಬಂದ ದಿನ ಒಂದೊಂದಾಗಿ ಎಣಿಸಲು ಆಗದು. ಬಿತ್ತನೆ ಕೇಂದ್ರದವರು ಗೆಂಡೆ ಮರಿಗೆ 1 ಮಿ.ಲೀ.ಗೆ ಸುಮಾರು 500 ಎಂದು ಲೆಕ್ಕ ಹಿಡಿಯುತ್ತಾರೆ. ಅದು ಬರಿಯ ಮರಿಗೆ. ಕಸ ಬೆರೆತ ಮಾಲಿಗೆ ಹಾಕಬಾರದು.

ತತ್ತಿ ನೋಡಿ ಜಾತಿ ಹೇಳಲು ಸಾಧ್ಯವಿಲ್ಲ. ಜಲಾಶಯಗಳಿಗೆ ಬಿತ್ತಿದ ಕಾಟ್ಲಾ, ರೋಹು, ಮೃಗಾಲಗಳೂ ಇದೇ ಪ್ರವಾಹದಲ್ಲಿ ಇಂಥದ್ದೇ ತತ್ತಿ ಬಿಡಬಲ್ಲವು. ಇವು ಕೃಷ್ಣಾ ಕೊಳ್ಳಕ್ಕೆ ತಂದು ಬಿಟ್ಟ ಮೀನು. ಅವುಗಳ ತತ್ತಿ ಹೆಚ್ಚಿ, ಇಲ್ಲಿನದೇ ಆದ ಲೇಬಿಯೊ ಕಡಿಮೆಯಾದರೆ ಒಟ್ಟು ಅಂಕಿ ಏನೂ ಆಗಿಲ್ಲವೆಂದು ಹೇಳುತ್ತದೆ. ಈ ಕೆಲಸದಲ್ಲಿ ಇದಕ್ಕಿಂತ ದೊಡ್ಡ ಮೋಸದ ಜಾಗ ಇಲ್ಲ. ಆದ್ದರಿಂದ ಪ್ರತಿ ದಿನದ ಮಾಲಿನಿಂದ ಜೀವಂತ 50 ತತ್ತಿ ಬೇರೆ ತೆಗೆದು ಮರಿ ಮಾಡಲೇಬೇಕು.

15 ಲೀಟರಿನ ಟಬ್ಬು, ಬ್ಯಾಟರಿಯ ಗಾಳಿಯಂತ್ರ 350 ರೂಪಾಯಿ. ಹೊಳೆಯ ಕೆಸರು ನೀರನ್ನೇ ತುಂಬಿದರೆ ಮಣ್ಣು ತತ್ತಿಯ ಮೇಲೆ ಕೂತು ಒಂದೇ ರಾತ್ರಿಯಲ್ಲಿ ಬೆಳ್ಳಗಾಗಿ ಸಾಯುತ್ತವೆ, ಸತ್ತದ್ದಕ್ಕೆ ಬೂಸು ಹಿಡಿದು ಪಕ್ಕದ್ದಕ್ಕೂ ಹಬ್ಬುತ್ತದೆ. ಹಿಂದಿನ ದಿನವೇ ಹೊಳೆನೀರು ತಂದು ತಿಳಿಯಾಗಲು ಬಿಟ್ಟು, ಮೇಲಿನದನ್ನು ಸೋಸಿ ಬಳಸಬೇಕು. ಕ್ಲೋರಿನ್ ಹಾಕಿದ ನಲ್ಲಿ ನೀರು ಬೇಡ. ಬಿಳಿಯಾದ ತತ್ತಿಯನ್ನು ನಾಲ್ಕು ಗಂಟೆಗೊಮ್ಮೆ ಪಿಪೆಟ್ಟಿನಲ್ಲಿ ತೆಗೆಯಬೇಕು. ಒಡೆದ ಮೇಲೆ ಮೂರು ದಿನ ಹೊಟ್ಟೆಗೆ ಅಂಟಿದ ತತ್ತಿಯ ಹಳದಿ ಚೀಲವೇ ಆಹಾರ. ನಂತರ ಬೇಯಿಸಿದ ಕೋಳಿ ತತ್ತಿಯ ಹಳದಿಯನ್ನು ಬಟ್ಟೆಯಲ್ಲಿ ಹಿಂಡಿ ಚಿಟಿಕೆ, ಆಮೇಲೆ ಶೇಂಗಾ ಹಿಂಡಿ ಮತ್ತು ಅಕ್ಕಿ ತೌಡು ಸಮಪಾಲು ಪುಡಿ. 25–30 ಮಿ.ಮೀ. ಆದಾಗ ಗುರುತು ಸಿಗುತ್ತದೆ: ಬಾಲದ ಬುಡದಲ್ಲಿ ಅಡ್ಡಪಟ್ಟಿ ಇದ್ದರೆ ರೋಹು, ತ್ರಿಕೋನದ ಕಪ್ಪು ಮಚ್ಚೆಯಿದ್ದರೆ ಮೃಗಾಲ, ಮಚ್ಚೆಯಿಲ್ಲದೆ ತಲೆ ದೊಡ್ಡದಿದ್ದರೆ ಕಾಟ್ಲಾ. ಉಳಿದವನ್ನು ಮೀಸೆ, ತುಟಿ, ಬೆನ್ನುರೆಕ್ಕೆಯ ಕಡ್ಡಿ ಎಣಿಸಿ ನೋಡಬೇಕು.

ಕೂಡಿಡುವ ಮಾದರಿಗೆ 5% ಫಾರ್ಮಾಲಿನ್: 25 ಮಿ.ಲೀ. ಅಂಗಡಿ ಫಾರ್ಮಾಲಿನ್, 475 ಮಿ.ಲೀ. ನೀರು. ಕೈಗವಸು ಹಾಕಿ ಬಯಲಿನಲ್ಲೇ ಬೆರೆಸಬೇಕು. ಮುಂದೆ ಡಿಎನ್ಎ ಪರೀಕ್ಷೆ ಮಾಡಿಸುವ ಯೋಚನೆಯಿದ್ದರೆ ಕೆಲವನ್ನು 95% ಎಥನಾಲಿನಲ್ಲಿ ಬೇರೆ ಇಡಿ. ಫಾರ್ಮಾಲಿನ್ ಮುಟ್ಟಿದ ತತ್ತಿ ಆ ಪರೀಕ್ಷೆಗೆ ಕೆಟ್ಟಂತೆಯೇ.

ತತ್ತಿಯ ವಯಸ್ಸನ್ನೂ 10 ಪಟ್ಟಿನ ಕೈಭೂತಗನ್ನಡಿಯಲ್ಲಿ ನೋಡಿ ಬರೆಯಿರಿ. 27–28 ಡಿಗ್ರಿಯಲ್ಲಿ ಮೊದಲ ಒಂದೆರಡು ಗಂಟೆ ಜೀವಕೋಶಗಳ ಗುಂಪು ಮಾತ್ರ, ಏಳೆಂಟು ಗಂಟೆಗೆ ಬಾಗಿದ ಭ್ರೂಣದ ಆಕಾರ, ಹನ್ನೊಂದು ಹನ್ನೆರಡಕ್ಕೆ ಒಳಗೆ ಮಿಸುಕಾಟ. ಸೆಕೆಂಡಿಗೆ 0.595 ಮೀ. ವೇಗದಲ್ಲಿ 6 ಗಂಟೆಯ ತತ್ತಿ ಹೆಚ್ಚೆಂದರೆ 13 ಕಿ.ಮೀ. ಮೇಲಿನಿಂದ ಬಂದಿರಬಹುದು. ದಂಡೆಗೆ ಸಿಕ್ಕಿ ತಡವಾಗುವುದರಿಂದ ನಿಜವಾದ ದೂರ ಅದಕ್ಕಿಂತ ಕಡಿಮೆ. ತತ್ತಿ ಬಿಡುವ ಜಾಗ ಬಾಂದಾರದ ಮೇಲೋ ಕೆಳಗೋ ಎಂದು ತಿಳಿಯಲು ಇಷ್ಟು ಸಾಕಾಗುತ್ತದೆ.

ಹಂತ 9. ಅಂಟು ತತ್ತಿಗೆ ಚಾಪೆ

50×50 ಸೆಂ.ಮೀ. ಚೌಕಟ್ಟಿಗೆ ತೆಂಗಿನ ನಾರು ಹೆಣೆದು ದಂಡೆಯ ತೆಳುನೀರಿನಲ್ಲಿ 30 ಸೆಂ.ಮೀ. ಆಳಕ್ಕೆ. ಒಂದಕ್ಕೆ 120 ರೂಪಾಯಿ. ತಳದಲ್ಲಿ ಮಲಗಿಸಿದ ಚಾಪೆ ಒಂದೇ ಪ್ರವಾಹಕ್ಕೆ ಮಣ್ಣಲ್ಲಿ ಹೂತುಹೋಗುತ್ತದೆ. ಎರಡು ಖಾಲಿ ಬಾಟಲಿ ಕಟ್ಟಿ ತೇಲುವಂತೆ ತೂಗುಬಿಟ್ಟರೆ ನೀರು ಏರಿದರೂ ಇಳಿದರೂ ಅದೇ ಆಳದಲ್ಲಿರುತ್ತದೆ. ಎಮ್ಮೆ ಇಳಿಯುವ ದಂಡೆ ಬಿಟ್ಟು ಬೇರೆ ಕಡೆ. 24 ಗಂಟೆಗೊಮ್ಮೆ ಎತ್ತಿ ಎಣಿಸಿ, ಅಲ್ಲೇ ವಾಪಸು.

ಹಂತ 10. ಬಾಂದಾರದ ಕೆಳಗೆ

ಜೂನಿನಲ್ಲಿ ಹಲಗೆ ತೆಗೆಯದ ಬಾಂದಾರದ ಕೆಳಗೆ ಏರುವ ಮೀನು ಗುಂಪುಗೂಡಿ ಹಾರುತ್ತವೆ. ನಸುಬೆಳಕಿಗೆ 10 ನಿಮಿಷದ ಮೂರು ಎಣಿಕೆ, ಎಷ್ಟು ಸಲ ಹಾರಿದವು ಎಂದು ಮಾತ್ರ; ಒಂದೇ ಮೀನು ಹತ್ತು ಸಲ ಹಾರಬಹುದಾದ್ದರಿಂದ ಇದು ಮೀನಿನ ಸಂಖ್ಯೆಯಲ್ಲ. ಹಲಗೆ ಎಷ್ಟು ತೆರೆದಿದೆ, ನೀರು ಎಷ್ಟು ಎತ್ತರದಿಂದ ಬೀಳುತ್ತಿದೆ, ಕೆಳಗೆ ಎಷ್ಟು ಬಲೆಗಳಿವೆ ಎಂಬುದನ್ನೂ ಬರೆಯಬೇಕು. ಹೊಟ್ಟೆ ತುಂಬಾ ತತ್ತಿಯಿರುವ ಮೀನು ಅತಿ ಸುಲಭವಾಗಿ ಸಿಗುವುದು ಇಲ್ಲಿಯೇ, ಮುಂದಿನ ವರ್ಷದ ಮೀನು ತೀರುವುದೂ ಇಲ್ಲಿಯೇ. ಹಲಗೆಯನ್ನು ಮಿರಗಕ್ಕೆ ಮೊದಲು ತೆಗೆಸಲು ನೀರಾವರಿಯವರ ಮುಂದಿಡಬಹುದಾದ ಪುರಾವೆ ಈ ಪುಟ.

ಕಬ್ಬಲಿಗ, ಬೆಸ್ತ ಮನೆತನಗಳ ಹಿರಿಯರ ನೆನಪು ಹಳೆಯ ಕಾಲದ ಅಂಕಿಗೆ ಇರುವ ಒಂದೇ ದಾರಿ. ಪ್ರಶ್ನೆ ಕೇಳುವ ರೀತಿಯಲ್ಲೇ ಉತ್ತರ ಕೆಡುತ್ತದೆ. ‘ಮೀನು ಕಡಿಮಿ ಆಗ್ಯಾವಲ್ರಿ ಕಾಕಾ?’ ಎಂದರೆ ಹೌದು ಎಂಬ ಉತ್ತರವೇ ಬರುವುದು. ‘ಕಾಕಾ, ಈ ವರ್ಷ ಹೊಳಿಗಿ ಮೊದಲ ಮೀನು ಏರಿದ್ದು ಯಾವ ಮಳ್ಯಾಗ್ರಿ? ಯಾವ ಮೀನು? ಎಲ್ಲಿತನ ಏರಿದ್ವು?’ ಎಂದು ಕೇಳಿದರೆ ಮಿರಗ, ಆರಿದ್ರಾ, ಪುನರ್ವಸು ಎಂದು ಕಾಲ ಸಿಗುತ್ತದೆ, ಜಾಗ ಸಿಗುತ್ತದೆ. ಮಳೆ ನಕ್ಷತ್ರಕ್ಕೆ ವಹಿಯಲ್ಲಿ ಒಂದು ಕಾಲಂ ಇಟ್ಟರೆ ಅವರ ಮಾತನ್ನೂ ಬಲೆಯ ಅಂಕಿಯನ್ನೂ ಪಕ್ಕಪಕ್ಕ ಓದಬಹುದು.

ಹಂತ 11. ವಹಿ ಮತ್ತು ಅಂಕಿಯ ಬಲ

ಗಟ್ಟಿ ರಟ್ಟಿನ ಲೆಕ್ಕದ ವಹಿ, ಪೆನ್ಸಿಲು. ಪೆನ್ನಿನ ಶಾಯಿ ಮಳೆಗೆ ಹರಡುತ್ತದೆ. ಒಂದು ಸರದಿಗೆ ಒಂದು ಸಾಲು: ತಾರೀಖು, ಮಳೆ ನಕ್ಷತ್ರ, ಜಾಗ, ವಾ/ಪ್ರ, ಇಳಿಸಿದ ವೇಳೆ, ಎತ್ತಿದ ವೇಳೆ, ಕಂಬದ ಗೆರೆ, ತೇಲು ಬಾಟಲಿಯ ಮೂರು ಸಮಯ, ನೀರಿನ ಉಷ್ಣತೆ, ಸೆಕ್ಕಿ, ರಿಬ್ಬನ್ ಸ್ಥಿತಿ, ತತ್ತಿ (ಮೊದಲ ಕೈ, ಎರಡನೆಯ ಕೈ), ಮರಿ, ಬೆಳೆಸಲು ತೆಗೆದದ್ದು. ಏನೂ ಸಿಗದಿದ್ದರೆ 0. ಬಲೆ ಇಳಿಸಲು ಆಗದಿದ್ದರೆ ಅಡ್ಡಗೆರೆ ಮತ್ತು ಕಾರಣ. ಖಾಲಿ ಬಿಟ್ಟ ಮನೆಯನ್ನು ಮೂರು ತಿಂಗಳ ನಂತರ ಓದುವವರಿಗೆ ಅದು ಸೊನ್ನೆಯೋ ರಜೆಯೋ ತಿಳಿಯುವುದಿಲ್ಲ. ಪ್ರತಿ ಸಂಜೆ ಪುಟದ ಫೋಟೊ ತೆಗೆದು ಇನ್ನೊಬ್ಬರಿಗೆ ಕಳಿಸಬೇಕು.

ತತ್ತಿಯ ಅಂಕಿ ಒಂದು ದಿನ ಸೊನ್ನೆ, ಮರುದಿನ ಸಾವಿರ. ದಿನದಿಂದ ದಿನಕ್ಕೆ ಏರುಪೇರು ಸರಾಸರಿಯಷ್ಟೇ ದೊಡ್ಡದೆಂದರೆ, 16 ದಿನದ ಮಾದರಿಯಲ್ಲಿ ಸರಾಸರಿಯ ದೋಷ 25%, ಅಂದರೆ ನಿಜವಾದ ಬೆಲೆ ಅದರ ಅರ್ಧದಿಂದ ಒಂದೂವರೆ ಪಟ್ಟಿನ ನಡುವೆ ಎಲ್ಲಿಯೂ ಇರಬಹುದು. 64 ದಿನವಾದರೆ ದೋಷ 12.5%. ಒಂದೇ ಮಳೆಗಾಲದ ನಂತರ ‘ಮೀನು ಅರ್ಧವಾಯಿತು’ ಎಂದು ಬರೆದುಕೊಡಲು ಈ ಅಂಕಿ ಬಿಡುವುದಿಲ್ಲ. ಆದ್ದರಿಂದ ಸರಾಸರಿಯ ಜೊತೆ ‘ತತ್ತಿ ಸಿಕ್ಕ ದಿನಗಳ ಪಾಲು’ ಮತ್ತು ‘ಮೊದಲ ತತ್ತಿ ಸಿಕ್ಕ ತಾರೀಖು’ ಎಂಬ ಎರಡನ್ನೂ ಪ್ರತಿ ವರ್ಷ ಬರೆದಿಡಬೇಕು. ಒಂದೆರಡು ದೊಡ್ಡ ದಿನಗಳು ಇವನ್ನು ಕೆಡಿಸಲಾರವು.

ಮಳೆಗಾಲ ಮುಗಿದ ಮೇಲೆ ಬಲೆಯನ್ನು ಸೋಪಿಲ್ಲದ ನೀರಿನಲ್ಲಿ ತೊಳೆದು ನೆರಳಲ್ಲಿ ಒಣಗಿಸಿ, ಇಲಿ ಹೋಗದ ಡಬ್ಬದಲ್ಲಿ ಇಡಬೇಕು. ತೇಪೆ ಹಾಕಿದ ಜಾಗದ ಅಳತೆ ವಹಿಯ ಕೊನೆಯ ಪುಟದಲ್ಲಿರಲಿ. ತೇಪೆ ಒಟ್ಟು ಬಟ್ಟೆಯ ಹತ್ತರಲ್ಲೊಂದು ಪಾಲು ದಾಟಿದರೆ ಹೊಸ ಚೀಲ ಹೊಲಿಸಬೇಕು. ಹೊಸ ಚೀಲ ಬಂದ ವರ್ಷ ಹಳೆಯದನ್ನು ಎಸೆಯದೆ ಜೂನ್ ತಿಂಗಳ ಸರದಿಗಳಲ್ಲಿ ಎರಡನ್ನೂ ಪಕ್ಕಪಕ್ಕ ಇಳಿಸಿ, ಒಂದರ ಅಂಕಿಗೆ ಇನ್ನೊಂದು ಎಷ್ಟು ಪಟ್ಟು ಎಂದು ತೆಗೆದುಕೊಂಡ ಮೇಲೆಯೇ ಹಳೆಯದನ್ನು ನಿಲ್ಲಿಸಬೇಕು.